ಒಡಲೊಳಗಿನ ಚಲನೆ

ಮನುಷ್ಯನ ಭಾವಗಳಿಗೆ ಕನ್ನಡವು ನೆಲೆ ಕೊಟ್ಟಿರುವುದು ಬಹುಮಟ್ಟಿಗೆ ಒಡಲಿನೊಳಗೆ. ಮಕ್ಕಳ ಸಂಕಟ ಕಂಡರೆ ತಾಯಿಯ ಕರುಳು ಚುರ್ರೆನ್ನುತ್ತದೆ. ಕೆಟ್ಟ ಸುದ್ದಿಗೆ ಎದೆ ಝಲ್ಲೆನ್ನುತ್ತದೆ. ಪರರ ಏಳಿಗೆಯನ್ನು ಸಹಿಸದ ಕಿಚ್ಚು ಹೊಟ್ಟೆಯದು. ಸಿಟ್ಟಿಗೆ ಪಿತ್ತ ನೆತ್ತಿಗೇರುತ್ತದೆ. ಇವನ್ನೆಲ್ಲ ನಾವು ನುಡಿಗಟ್ಟುಗಳ ಪಟ್ಟಿಗೆ ಸೇರಿಸಿ ಮರೆತುಬಿಟ್ಟಿದ್ದೇವೆ. ನನಗಾದರೋ ಇವು ಅಲಂಕಾರಕ್ಕಿಂತ ಹೆಚ್ಚಾಗಿ ವರದಿಗಳೆಂದೇ ತೋರುತ್ತವೆ. ಈ ಮಾತುಗಳನ್ನು ಕಟ್ಟಿದ ಜನ ತಮ್ಮ ಒಳಗನ್ನು ಆಲಿಸಬಲ್ಲವರಾಗಿದ್ದರು.

ಶರೀರಶಾಸ್ತ್ರವೂ ಈ ಕಡೆಗೆ ಕಿವಿಗೊಟ್ಟಿದೆ. ಆಂಗ್ಲ ವಿಜ್ಞಾನಿ ಷೆರಿಂಗ್ಟನ್ ಅವರು 1906ರಲ್ಲಿಯೇ, ದೇಹದ ಒಳಮೈಯಿಂದ ಬರುವ ಸಂವೇದನೆಗಳನ್ನು ಬೇರೆಯಾಗಿ ವರ್ಗೀಕರಿಸಿದರು. ಮೆದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಇಳಿಯುವ ವೇಗಸ್ ನರದ ತಂತುಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ಆಜ್ಞೆಯನ್ನು ಕೆಳಗೆ ತರುವುವಲ್ಲ. ಸುದ್ದಿಯನ್ನು ಮೇಲಕ್ಕೆ ಒಯ್ಯುವುವು. ಒಡಲು ಆಡುವ ಮಾತು ಕೇಳುವ ಮಾತಿಗಿಂತ ಹೆಚ್ಚು!

ಹೀಗಿದ್ದರೂ ದೇಹವನ್ನು ಕಲಿಸುವಲ್ಲಿ ನಾವು ಕೈಕಾಲುಗಳನ್ನಷ್ಟೇ ಕಲಿಸುತ್ತೇವೆ. ಒಳಗಿನ ಅಂಗಗಳು ಮೂಟೆಯಲ್ಲಿ ತುಂಬಿದ ಸಾಮಾನಿನಂತೆ ಸುಮ್ಮನೆ ಬಿದ್ದಿವೆಯೆಂಬುದು ನಮ್ಮ ಭಾವನೆ. ವಾಸ್ತವವು ಬೇರೆ. ಉಸಿರು ಒಳಗೆ ಬಂದಾಗ ವಪೆಯು ಕೆಳಗಿಳಿಯುತ್ತದೆ; ಅದರೊಡನೆ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಯಕೃತ್ತು ಇಳಿಯುತ್ತದೆ, ಜಠರ ಇಳಿಯುತ್ತದೆ, ಬೆನ್ನಿಗೆ ಆತುಕೊಂಡ ಮೂತ್ರಪಿಂಡಗಳೂ ಜಾರುತ್ತವೆ. ಹೃದಯದ ಹೊರಚೀಲವು ವಪೆಗೇ ಅಂಟಿಕೊಂಡಿರುವುದರಿಂದ ಅದಕ್ಕೂ ಬಿಡುವಿಲ್ಲ. ನಾವು ಕದಲದೆ ಕುಳಿತಿದ್ದೇವೆಂದುಕೊಂಡ ಹೊತ್ತಿನಲ್ಲಿಯೂ ಒಳಗೊಂದು ಏರಿಳಿತ ನಡೆದೇ ಇರುತ್ತದೆ.

ಅಮೆರಿಕದ ಬಾನಿ ಬೇನ್‌ಬ್ರಿಜ್ ಕೊಹೆನ್ ಎಂಬವರು 1973ರಲ್ಲಿ ಸ್ಥಾಪಿಸಿದ ಶಾಲೆಯು ಇದನ್ನೇ ಚಲನೆಯ ಪಾಠವಾಗಿ ಮಾಡಿತು. ಮೂಳೆ ಮಾಂಸಗಳು ಪಾತ್ರೆ, ಅಂಗಗಳು ಅದರ ತುಂಬುವಸ್ತು ಎಂಬುದು ಅವರ ದೃಷ್ಟಿ. ತೋಳನ್ನು ಹೆಗಲಿನಿಂದ ಎತ್ತುವುದಕ್ಕೂ, ಶ್ವಾಸಕೋಶವೇ ತೋಳನ್ನು ಹೊತ್ತಿದೆಯೆಂದು ಭಾವಿಸಿ ಎತ್ತುವುದಕ್ಕೂ ನಾನು ಕಂಡುಕೊಂಡ ಅಂತರ ಸಣ್ಣದಲ್ಲ. ಎರಡನೆಯ ಸಲ ತೋಳು ಹಗುರವಾಗುತ್ತದೆ, ಕುತ್ತಿಗೆಯ ಬಿಗಿ ಸಡಲುತ್ತದೆ.

ಆದರೆ ಇಲ್ಲೊಂದು ಎಚ್ಚರ ಬೇಕು. ಯಕೃತ್ತಿನ ಒಳಭಾಗಕ್ಕೆ ನೋವೇ ತಿಳಿಯದು; ವಪೆ ಕೆರಳಿದರೆ ನೋವು ಕಾಣುವುದು ಹೆಗಲ ತುದಿಯಲ್ಲಿ. ಆದುದರಿಂದ “ನನ್ನ ಯಕೃತ್ತನ್ನು ನಾನು ಮುಟ್ಟಿದಂತೆ ಬಲ್ಲೆ” ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಇಲ್ಲಿ ಕೆಲಸ ಮಾಡುವುದು ಅರ್ಧ ಸಂವೇದನೆ, ಅರ್ಧ ಕಲ್ಪನೆ. ಕಲ್ಪನೆಯಾದುದರಿಂದಲೇ ಅದು ಹುಸಿಯೆಂದಾಗಲಿಲ್ಲ. ಗಾಯಕನಿಗೂ ನರ್ತಕಿಗೂ ಅದು ನಿತ್ಯದ ಉಪಕರಣ. ಅದನ್ನು ರೋಗಕ್ಕೆ ಮದ್ದೆಂದು ಮಾರುವುದು ಮಾತ್ರ ಅನ್ಯಾಯ.

ನಮಗೆ ಇದು ಪೂರ್ತಿ ಹೊಸತೂ ಅಲ್ಲ. ಹಠಯೋಗ ಪ್ರದೀಪಿಕೆಯಲ್ಲಿ ಉಡ್ಡಿಯಾನ ಬಂಧವಿದೆ, ನೌಲಿಯಿದೆ. ಲೋಣಾವಳದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಕುವಲಯಾನಂದರು ಈ ಕ್ರಿಯೆಗಳನ್ನು ಎಕ್ಸ್-ರೇಯಿಂದ ಪರೀಕ್ಷಿಸಿದರು. ಕೃಷ್ಣಮಾಚಾರ್ಯರು ಮೈಸೂರಿನಲ್ಲಿದ್ದಾಗ ಬರೆದು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾದ ‘ಯೋಗ ಮಕರಂದ’ವು ಆಸನದೊಡನೆ ಉಸಿರಿನ ಕ್ರಮವನ್ನೂ ಹೇಳುತ್ತದೆ. ಆದರೆ 2015ರಿಂದ ಪ್ರತಿ ಜೂನ್ 21ರಂದು ಬಯಲುಗಳಲ್ಲಿ ನಾವು ಎಣಿಸುವುದು ಬಾಗಿದ ಬೆನ್ನುಗಳನ್ನು. ಬೆನ್ನೇನೋ ಬಾಗಿತು, ಒಳಗೇನಾಯಿತೆಂದು ಕೇಳುವವರು ಯಾರು?

ಕೇಳಬೇಕಾದವರು ಉಪಾಧ್ಯಾಯರೆಂದೇ ನನ್ನ ಅಭಿಪ್ರಾಯ. ಹಸಿದ ಹುಡುಗನೂ, ಪರೀಕ್ಷೆಗೆ ಅಂಜಿದ ಹುಡುಗಿಯೂ, ಅಜೀರ್ಣವಾದ ಮಗುವೂ ಇಂದು ತರಗತಿಯಲ್ಲಿ ಹೇಳುವುದು “ಹೊಟ್ಟೆನೋವು” ಎಂಬ ಒಂದೇ ಮಾತನ್ನು. ಹೊಟ್ಟೆ ತೊಳಸುವುದು, ಉಬ್ಬರಿಸುವುದು, ಚುರುಗುಟ್ಟುವುದು, ಕಿವುಚುವುದು ಇವೆಲ್ಲ ಬೇರೆ ಬೇರೆಯೆಂದು ಅಜ್ಜಿಗೆ ಗೊತ್ತಿತ್ತು. ವ್ಯಾಯಾಮದ ಅವಧಿಯಲ್ಲಿ ಐದು ನಿಮಿಷ ಮಕ್ಕಳನ್ನು ಅಂಗಾತ ಮಲಗಿಸಿ, ಉಸಿರು ಎಲ್ಲಿಯವರೆಗೆ ಇಳಿಯಿತು, ಒಳಗೆ ಏನು ಕದಲಿತು ಎಂದು ಕೇಳಿ, ಅವರವರ ಮನೆಯ ಮಾತಿನಲ್ಲಿಯೇ ಉತ್ತರ ಹೇಳಿಸಬಹುದು. ಇದಕ್ಕೆ ಬಯಲೂ ಬೇಡ, ಉಪಕರಣವೂ ಬೇಡ; ಒಂದು ಚಾಪೆ ಸಾಕು.