ಅರ್ಥ ಗೊತ್ತಾದರೆ ಸಾಕೇ?

ಭಾಷೆ ಕಲಿಯುವುದೆಂದರೆ ಪದಗಳ ಅರ್ಥ ಕಲಿಯುವುದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಒಂದು ಇಂಗ್ಲಿಷ್ ಪದ, ಅದರ ಮುಂದೆ ಒಂದು ಕನ್ನಡ ಅರ್ಥ; ಬಾಯಿಪಾಠ ಮಾಡಿದರೆ ಮುಗಿಯಿತು. ಕ್ರಿಯಾಪದದ ವಿಷಯದಲ್ಲಿ ಮಾತ್ರ ಇಷ್ಟು ಸಾಲದು.

‘ಗೂಗಲ್’ ಎಂಬ ಹೊಸ ಕ್ರಿಯಾಪದವನ್ನೇ ನೋಡೋಣ. ಅದು 1998ರಲ್ಲಿ ಆರಂಭವಾದ ಕಂಪನಿಯೊಂದರ ಹೆಸರು. ಜನ ಅದನ್ನು ‘ಅಂತರ್ಜಾಲದಲ್ಲಿ ಹುಡುಕು’ ಎಂಬ ಅರ್ಥದಲ್ಲಿ ಬಳಸತೊಡಗಿದರು. 2006ರಲ್ಲಿ ಆಕ್ಸ್‌ಫರ್ಡ್ ಮತ್ತು ಮೆರಿಯಮ್-ವೆಬ್‌ಸ್ಟರ್ ನಿಘಂಟುಗಳೆರಡೂ ಅದನ್ನು ಕ್ರಿಯಾಪದವಾಗಿ ಸೇರಿಸಿಕೊಂಡವು. ಬಳಕೆ ಮೊದಲು, ನಿಘಂಟು ಆಮೇಲೆ!

ಇದರ ಅರ್ಥ ತಿಳಿಯದ ಮಕ್ಕಳು ನಮ್ಮ ಶಾಲೆಯಲ್ಲಿಲ್ಲ. ಆದರೂ ಒಬ್ಬ ವಿದ್ಯಾರ್ಥಿ ‘ಐ ಗೂಗಲ್ಡ್ ಅಬೌಟ್ ಮೈಸೂರ್ ಪ್ಯಾಲೇಸ್’ ಎಂದು ಬರೆದಿದ್ದ. ಅಲ್ಲಿ ‘ಅಬೌಟ್’ ಬೇಕಿಲ್ಲ. ‘ಅರಮನೆಯ ಬಗ್ಗೆ ಹುಡುಕಿದೆ’ ಎಂಬ ಕನ್ನಡ ವಾಕ್ಯ ಅವನ ಮನಸ್ಸಿನಲ್ಲಿತ್ತು. ‘ಡಿಸ್ಕಸ್ ಅಬೌಟ್’ ಎಂಬ ತಪ್ಪೂ ಹೀಗೆಯೇ ಹುಟ್ಟುತ್ತದೆ. ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಮಾತನಾಡುತ್ತೇವೆ, ಅದರ ಬಗ್ಗೆಯೇ ಚರ್ಚಿಸುತ್ತೇವೆ. ಇಂಗ್ಲಿಷಿನಲ್ಲಾದರೋ ‘ಟಾಕ್’ಗೆ ‘ಅಬೌಟ್’ ಬೇಕು, ‘ಡಿಸ್ಕಸ್’ಗೆ ಬೇಡ.

ಇದನ್ನು ಕೇಳಿದ ಪೋಷಕರೊಬ್ಬರು, “ಹಾಗಾದರೆ ಮನೆಯಲ್ಲಿ ಕನ್ನಡ ಮಾತನಾಡುವುದನ್ನೇ ನಿಲ್ಲಿಸಲೇ ಟೀಚರ್?” ಎಂದರು. ದಯವಿಟ್ಟು ನಿಲ್ಲಿಸಬೇಡಿ. ತಪ್ಪಿಗೆ ಕಾರಣ ಕನ್ನಡವಲ್ಲ, ಎರಡು ಭಾಷೆಗಳ ದಾರಿ ಬೇರೆ ಎಂದು ನಾವು ತೋರಿಸಿಕೊಡದಿರುವುದು. ಇಂಗ್ಲಿಷ್ ಒಂದು ಹೆಸರನ್ನು ಹಾಗೆಯೇ ಕ್ರಿಯಾಪದವಾಗಿಸುತ್ತದೆ. ಕನ್ನಡ ‘ಗೂಗಲ್ ಮಾಡು’, ‘ಗೂಗಲಿಸು’ ಎನ್ನುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಮಗುವಿಗೆ ಎರಡೂ ಸ್ಪಷ್ಟವಾಗುತ್ತವೆ. ಊರಿನಿಂದ ದೂರವಿರುವ ನಮ್ಮ ಮಕ್ಕಳಿಗೆ ಕನ್ನಡ ಸಿಗುವುದೇ ಮನೆಯಲ್ಲಿ. ಅದನ್ನೂ ಕಿತ್ತುಕೊಂಡರೆ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡಲು ಅವರಿಗೆ ಯಾವ ಭಾಷೆ ಉಳಿಯುತ್ತದೆ?

ಮಕ್ಕಳೇ, ಹೊಸ ಕ್ರಿಯಾಪದ ಸಿಕ್ಕಾಗ ಅರ್ಥವನ್ನಷ್ಟೇ ಬರೆದು ಪುಸ್ತಕ ಮುಚ್ಚಬೇಡಿ. ನಿನ್ನೆ, ಇಂದು, ನಾಳೆ ಎಂದು ಮೂರು ವಾಕ್ಯ ಮಾಡಿ. ಅದರ ಹಿಂದೆ ಮುಂದೆ ಯಾವ ಪದ ಬರುತ್ತದೆಂದು ಗಮನಿಸಿ. ಆಮೇಲೆ ಅದೇ ಮಾತನ್ನು ಕನ್ನಡದಲ್ಲಿ ಅಮ್ಮನಿಗೋ ಅಪ್ಪನಿಗೋ ಹೇಳಿ. ಒಂದು ಕ್ರಿಯಾಪದದ ನೆಪದಲ್ಲಿ ಎರಡು ಭಾಷೆ ಬೆಳೆಯುತ್ತದೆ.

– ಕನ್ನಡ ಅಧ್ಯಾಪಕಿ