ತರಬೇತಿ ಕೊಡುವವರೇ ಡಬ್ಬಿ ಮಾರಬಾರದು

ಹಾಸನದಲ್ಲಿ ಮೆಡಿಕಲ್ ಶಾಪ್ ನಡೆಸುವ ನನ್ನ ಬಳಿಗೆ ಜಿಮ್ ಹುಡುಗರು ಪ್ರೋಟೀನ್ ಡಬ್ಬಿ ಹಿಡಿದು ಬರುತ್ತಾರೆ. 'ಅಣ್ಣಾ, ಇದು ಒರಿಜಿನಲ್ಲಾ ನೋಡಿ' ಎನ್ನುತ್ತಾರೆ. ಮೊನ್ನೆ ಬಂದ ಡಬ್ಬಿಯ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯೇ ಇರಲಿಲ್ಲ, ಆಮದುದಾರರ ವಿಳಾಸವೂ ಇಲ್ಲ. ಮಾರಿದ್ದು ಜಿಮ್ ತರಬೇತುದಾರ, ಬಿಲ್ ಕೊಟ್ಟಿರಲಿಲ್ಲ.

ಪ್ರೋಟೀನ್ ಅಳೆಯುವ ಸಾಮಾನ್ಯ ಪರೀಕ್ಷೆಯಲ್ಲಿ ನೈಟ್ರೋಜನ್ ಪ್ರಮಾಣವನ್ನು 6.25ರಿಂದ ಗುಣಿಸುತ್ತಾರೆ. ಹಾಗಾಗಿ ನೈಟ್ರೋಜನ್ ಇರುವ ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ಅಂಕಿ ಏರುತ್ತದೆ. ದೇಹಕ್ಕೆ ಬೇಕಾದ ಪ್ರೋಟೀನ್ ಮಾತ್ರ ಸಿಗುವುದಿಲ್ಲ. ವ್ಯಾಯಾಮಕ್ಕೆ ಮೊದಲು ಕುಡಿಯುವ ಉತ್ತೇಜಕ ಪುಡಿಗಳು ಇನ್ನೂ ಅಪಾಯಕಾರಿ. ಅವುಗಳಲ್ಲಿ ಬಳಕೆಯಾಗುತ್ತಿದ್ದ ಡಿಎಂಎಎ ಎಂಬ ಉತ್ತೇಜಕ ರಕ್ತದೊತ್ತಡ ಏರಿಸಿ ಹೃದಯಾಘಾತಕ್ಕೂ ಕಾರಣವಾಗಬಹುದೆಂದು ಅಮೆರಿಕದ ಎಫ್‌ಡಿಎ 2013ರಲ್ಲೇ ಎಚ್ಚರಿಸಿತ್ತು.

60 ಕೆ.ಜಿ. ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ ಇನ್ನಷ್ಟು ಬೇಕು, ನಿಜ. ಆದರೆ 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ 2024ರ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿಯ ನಿತ್ಯ ಬಳಕೆ ಬೇಡವೆಂದಿದೆ.

ಸಲಹೆ ಕೊಡುವವರಿಗೆ ಮಾರಾಟದ ಕಮಿಷನ್ ಸಿಗುವಂತಾದರೆ ಸಲಹೆ ಕೆಡುತ್ತದೆ. ಹಾಗಾಗಿ ಜಿಮ್‌ಗಳಲ್ಲಿ ಡಬ್ಬಿ ಮಾರಾಟ ನಿಲ್ಲಬೇಕು, ಆಹಾರ ಸುರಕ್ಷತಾ ಅಧಿಕಾರಿಗಳು ಅಲ್ಲಿಗೂ ಹೋಗಿ ಮಾದರಿ ಸಂಗ್ರಹಿಸಬೇಕು. ಹುಡುಗರೇ, ಬಿಲ್ ಇಲ್ಲದ ಡಬ್ಬಿ ಮುಟ್ಟಬೇಡಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ಕುಡಿಯಬೇಡಿ.