ಹಸುವಿನ ಸಾಲ ಮತ್ತು ಓಟಿನ ಹಕ್ಕು



ಕಳೆದ ತಿಂಗಳು ನಮ್ಮ ಸಂಘದ ಸಭೆಗೆ ಒಂದು ಸಾಲದ ಅರ್ಜಿ ಬಂತು. ನಲವತ್ತು ಸಾವಿರ ರೂಪಾಯಿ. ಕಾರಣ, ಹಸು ಕೊಳ್ಳಲು. ಆ ಹಸುವಿಗೆ ಎರಡೇ ಕಾಲು, ಅದು ಬೈಕು ಕೇಳುತ್ತಿದೆ ಎಂದು ಕೂತಿದ್ದ ಹದಿನಾಲ್ಕು ಜನಕ್ಕೂ ಗೊತ್ತಿತ್ತು. ಅರ್ಜಿ ಹಾಕಿದವಳ ಮಗಳಿಗೆ ಮದುವೆ ಗೊತ್ತಾಗಿದೆ. "ಇದು ವರದಕ್ಷಿಣೆ ಸಾಲ, ನಾನು ಸಹಿ ಹಾಕೋದಿಲ್ಲ" ಎಂದೆ.

"ಈಗ ದೊಡ್ಡದಾಗಿ ಹೇಳ್ತೀಯಲ್ಲ, ಹೋದ ವರ್ಷ ಹೊಲಿಗೆ ಮಿಷನ್ ಸಾಲಕ್ಕೆ ನೀನೇ ಸಹಿ ಹಾಕಲಿಲ್ವಾ?" ಎಂದು ಹಿರಿಯಳೊಬ್ಬಳು ಕೇಳಿದಳು. ಹಾಕಿದ್ದೆ, ನಿಜ. ಆ ಹೊಲಿಗೆ ಮಿಷನ್ನು ಯಾರ ಮನೆಗೂ ಬರಲಿಲ್ಲ. ಮದುವೆಯಾಗಿ ಹೋದ ಹುಡುಗಿ ಎಂಟು ತಿಂಗಳಿಗೆ ತವರಿಗೆ ಬಂದಳು, ಎಡಗೈಗೆ ಪಟ್ಟಿ ಕಟ್ಟಿಸಿಕೊಂಡು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಅವಳ ತಾಯಿ ಇವತ್ತಿಗೂ ಕಂತು ಕಟ್ಟುತ್ತಿದ್ದಾಳೆ. ನನ್ನ ಸಹಿ ನಡಾವಳಿ ಪುಸ್ತಕದಲ್ಲಿ ಹಾಗೇ ಇದೆ.

ಆಗ ಇನ್ನೊಬ್ಬಳು ಒಂದು ಮಾತು ಹೇಳಿದಳು: "ಸಂಘ ಇರೋದು ಉಳಿತಾಯಕ್ಕೆ ಕಣಕ್ಕ. ಹಕ್ಕು ಗಿಕ್ಕು ಅಂತ ರಾಜಕೀಯ ತರಬೇಡ." ಈ ಮಾತಿಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಬೇರೆ ಹಕ್ಕು ಬೇರೆ ಎಂದು ನಮಗೆ ಕಲಿಸಿದವರು ಯಾರು? ನೂರು ವರ್ಷದ ಹಿಂದೆ ಓಟು ಕೇಳಲು ಹೊರಟ ನಮ್ಮ ದೇಶದ ಹೆಂಗಸರು ಮೊದಲು ಎಡವಿದ್ದೇ ದುಡ್ಡಿನ ಹೊಸ್ತಿಲಿಗೆ.

1917ರಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಇಲ್ಲಿನ ಆಡಳಿತ ಸುಧಾರಣೆಯ ವಿಚಾರ ಕೇಳಲು ಬಂದಿದ್ದರು. ಮದರಾಸು ಪ್ರಾಂತದಲ್ಲಿದ್ದ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಮತ್ತು ಕೆಲವರು ಅವರನ್ನು ಕಂಡು ಹೆಣ್ಣುಮಕ್ಕಳ ಶಾಲೆಯ ವಿಷಯ ಮಾತಾಡಬೇಕೆಂದು ಪತ್ರ ಬರೆದರು. ರಾಜಕೀಯ ವಿಷಯವಿದ್ದರೆ ಮಾತ್ರ ಭೇಟಿ ಎಂದು ಉತ್ತರ ಬಂತು. ಸರಿ, ಹಾಗಾದರೆ ರಾಜಕೀಯವನ್ನೇ ಕೇಳೋಣ ಎಂದುಕೊಂಡರು. ಡಿಸೆಂಬರ್ 18ರಂದು ಮದರಾಸಿನಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೋದ ನಿಯೋಗ ಮತದಾನದ ಹಕ್ಕು ಕೇಳಿತು. ಕಾಯ್ದೆಯಲ್ಲಿ 'ಜನ' ಎಂದು ಬರೆಯುವಾಗ ಹೆಂಗಸರನ್ನೂ ಜನವೆಂದು ಎಣಿಸಿ ಎಂಬುದು ಅವರ ಬೇಡಿಕೆ. ನಾವೂ ಜನ ಎನ್ನುವುದಕ್ಕೆ ಅರ್ಜಿ ಹಾಕಬೇಕಾಯಿತು ನೋಡಿ! ಶಾಲೆ ಕೇಳಲು ಹೋದವರನ್ನು ರಾಜಕೀಯಕ್ಕೆ ತಳ್ಳಿದ್ದು ಸರ್ಕಾರವೇ. ನಮ್ಮ ಸಂಘದ ಗೆಳತಿ ಇದನ್ನು ಗಮನಿಸಬೇಕು.

ಅದೇ ವರ್ಷ ಮೇ ತಿಂಗಳಲ್ಲಿ ಅಡ್ಯಾರಿನಲ್ಲಿ ಭಾರತ ಮಹಿಳಾ ಸಂಘ ಹುಟ್ಟಿತ್ತು. 1918ರಲ್ಲಿ ಅದರ ಪತ್ರಿಕೆ ಹೊರಟಿತು. ಇಂಗ್ಲಿಷ್ ಪತ್ರಿಕೆ, ಜೊತೆಗೆ ತಮಿಳು, ತೆಲುಗು, ಮುಂದೆ ಹಿಂದಿ ಪುಟಗಳೂ ಸೇರಿದವು. ಹೆಸರು 'ಸ್ತ್ರೀಧರ್ಮ'. ಹೆಸರು ಕೇಳಿದರೆ ಗಂಡನ ಪಾದಸೇವೆಯ ಉಪದೇಶವೆಂದು ಯಾರಾದರೂ ಅಂದುಕೊಳ್ಳಬೇಕು. ಒಳಗೆ ಇದ್ದದ್ದು ಓಟು, ಬಾಲ್ಯವಿವಾಹ, ಯಾವ ಪ್ರಾಂತದ ಶಾಸನಸಭೆಯಲ್ಲಿ ಹೆಂಗಸರ ಠರಾವು ಗೆದ್ದಿತು, ಎಲ್ಲಿ ಸೋತಿತು ಎಂಬ ಸುದ್ದಿ. ಅದೇ ಕಾಲದಲ್ಲಿ ನಂಜನಗೂಡಿನ ತಿರುಮಲಾಂಬ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆಯನ್ನೂ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ತಂದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ 'ಸರಸ್ವತಿ'ಯನ್ನು ದಶಕಗಳ ಕಾಲ ನಡೆಸಿದರು. ಇಬ್ಬರೂ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಸತಿ, ಧರ್ಮ ಎಂಬ ಹೆಸರುಗಳನ್ನು ಕಂಡು ನಗುವ ಓದಿದ ಹುಡುಗಿಯರು ನನಗೆ ಗೊತ್ತು. ನಗಬೇಡಿ. ಬಾಗಿಲು ದಾಟಿ ಒಳಗೆ ಹೋಗಬೇಕಾದರೆ ಪತ್ರಿಕೆಯೂ ತಲೆ ಮೇಲೆ ಸೆರಗು ಹೊದೆಯಬೇಕಿತ್ತು.

1919ರಲ್ಲಿ ಮತಾಧಿಕಾರದ ಸಮಿತಿ ಹೆಂಗಸರಿಗೆ ಓಟು ಈಗಲೇ ಬೇಡ ಎಂದಿತು. ಪರದಾ ಪದ್ಧತಿ ಇದೆ, ಗಂಡಸರಿಗೇ ಇನ್ನೂ ಓಟು ಹಾಕುವುದು ಕಲಿಸಬೇಕಾಗಿದೆ ಎಂಬುದು ನೆಪ. ಕೊನೆಗೆ ಆಯಾ ಪ್ರಾಂತದ ಶಾಸನಸಭೆಯೇ ತೀರ್ಮಾನಿಸಲಿ ಎಂದು ಬಿಟ್ಟರು. 1921ರಲ್ಲಿ ಮದರಾಸು ಒಪ್ಪಿತು, ಮುಂಬಯಿ ಒಪ್ಪಿತು. ಬಂಗಾಳ ತಿರಸ್ಕರಿಸಿ, 1925ರಲ್ಲಿ ಒಪ್ಪಿಕೊಂಡಿತು. ಮಂಗಳೂರು, ಬಳ್ಳಾರಿ ಆಗ ಮದರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿಗೆ. ಅಂದರೆ ಇದು ನಮ್ಮ ಅಜ್ಜಿಯರ ಕಥೆಯೂ ಹೌದು.

ಆದರೆ ನಿಮ್ಮ ಅಜ್ಜಿ ಓಟು ಹಾಕಿದ್ದಳೇ? ಖಂಡಿತ ಇಲ್ಲ. ಆಗಿನ ಕಾನೂನಿನಲ್ಲಿ ಓಟು ಸಿಗುತ್ತಿದ್ದುದು ಕಂದಾಯ ಕಟ್ಟುವವರಿಗೆ, ತೆರಿಗೆ ಕಟ್ಟುವವರಿಗೆ, ಆಸ್ತಿ ಇದ್ದವರಿಗೆ. ಹೆಣ್ಣು ಎಂಬ ಅಡ್ಡಿ ಹೋಯಿತು, ಆಸ್ತಿ ಎಂಬ ಅಡ್ಡಿ ಉಳಿಯಿತು. ವಯಸ್ಸಿಗೆ ಬಂದ ಹೆಂಗಸರಲ್ಲಿ ನೂರಕ್ಕೆ ಒಬ್ಬಳೂ ಆ ಪಟ್ಟಿಗೆ ಸೇರಲಿಲ್ಲ. ಅಡ್ಯಾರಿನ ಅಕ್ಕಂದಿರ ಮೇಲೆ ನನಗೆ ಇಲ್ಲಿ ಒಂದು ತಕರಾರಿದೆ. ಗಂಡಸರಿಗೆ ಇರುವ ಷರತ್ತಿನಲ್ಲೇ ನಮಗೂ ಕೊಡಿ ಎಂದು ಮೊದಲು ಕೇಳಿದರು. ಕೂಲಿಗೆ ಕಳೆ ಕೀಳುವವಳು ಆ ಷರತ್ತಿನೊಳಗೆ ಬರುವುದೇ ಇಲ್ಲ ಎಂಬುದು ಅವರ ಕಣ್ಣಿಗೆ ಬೀಳಲು ಹತ್ತು ವರ್ಷ ಹಿಡಿಯಿತು.

ಈಗ ಯೋಚಿಸಿ. ಜಮೀನಿದ್ದ ಮನೆಯ ಹೆಂಗಸರಿಗೂ ಯಾಕೆ ಆಸ್ತಿ ಇರಲಿಲ್ಲ? ತವರಿನ ಹೊಲ ಅಣ್ಣತಮ್ಮಂದಿರ ಹೆಸರಿಗೆ. ಗಂಡನ ಮನೆಯ ಹೊಲ ಮಾವನ ಹೆಸರಿಗೆ, ಆಮೇಲೆ ಗಂಡನ ಹೆಸರಿಗೆ, ಆಮೇಲೆ ಮಗನ ಹೆಸರಿಗೆ. ನಡುವೆ ಅವಳ ಪಾಲೆಂದು ಹೊರಟ ಚಿನ್ನ, ಹಣ, ಪಾತ್ರೆಗಳು ಅವಳ ಜೊತೆ ಗಾಡಿ ಹತ್ತಿದವು. ಇಳಿದದ್ದು ಮಾತ್ರ ಅತ್ತೆಯ ಪೆಟ್ಟಿಗೆಯಲ್ಲಿ. ವರದಕ್ಷಿಣೆ ಎಂದರೆ ಹೆಣ್ಣಿಗೆ ಕೊಡುವ ಪಾಲು ಎಂದು ವಾದಿಸುವ ಗಂಡಸರು ನನಗೆ ಆಗಾಗ ಸಿಗುತ್ತಾರೆ. ಪಾಲು ಆಗಿದ್ದರೆ ಅವಳ ಹೆಸರಿನಲ್ಲಿ ಕಂದಾಯದ ರಸೀದಿ ಇರಬೇಕಿತ್ತು. ರಸೀದಿ ಇದ್ದಿದ್ದರೆ 1921ರಲ್ಲೇ ಅವಳಿಗೆ ಓಟು ಇರುತ್ತಿತ್ತು. ಅಷ್ಟೇ ಲೆಕ್ಕ.

1926ರಲ್ಲಿ ಮದರಾಸಿನಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಬಹುದು ಎಂದಾಯಿತು. ಕೂಡಲೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಿಂತರು. ಇಪ್ಪತ್ತಮೂರರ ಹೆಂಗಸು, ಬಾಲವಿಧವೆಯಾಗಿ ಮತ್ತೆ ಮದುವೆಯಾದವರು. ಊರು ಏನೇನು ಆಡಿಕೊಂಡಿರಬೇಡ! ಅತಿ ಕಡಿಮೆ ಓಟುಗಳ ಅಂತರದಲ್ಲಿ ಸೋತರು.

ಇನ್ನೊಬ್ಬರೂ ಮಂಗಳೂರಿನ ಮಗಳೇ. ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದವರು. ಆಗ ದೊಡ್ಡ ಜಗಳ ಎದ್ದಿತು. ಆಸ್ತಿ ಇರುವ ಗಂಡಸಿನ ಹೆಂಡತಿಗೆ, ವಿಧವೆಗೆ ಓಟು ಕೊಡೋಣ ಎಂದು ಸೈಮನ್ ಆಯೋಗ ಹೇಳಿತ್ತು. ಸದ್ಯಕ್ಕೆ ಇಂಥ ವಿಶೇಷ ಅವಕಾಶ ಇಲ್ಲದೆ ಹೆಂಗಸರು ಒಳಗೆ ಬರಲಾರರು ಎಂದವರಲ್ಲಿ ರಾಧಾಬಾಯಿ ಒಬ್ಬರು. ಮುತ್ತುಲಕ್ಷ್ಮಿ ರೆಡ್ಡಿಯವರ ಸಂಪಾದಕತ್ವದ 'ಸ್ತ್ರೀಧರ್ಮ' ಮತ್ತು ಮಹಿಳಾ ಸಂಘಟನೆಗಳು ಬೇಡ ಎಂದವು. ಗಂಡನ ಬಾಲ ಹಿಡಿದು ಬರುವ ಓಟು ಬೇಡ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಕೊಡಿ, ಆಸ್ತಿ ಕೇಳಬೇಡಿ ಎಂದು ಪಟ್ಟು ಹಿಡಿದವು. ರಾಧಾಬಾಯಿಯವರ ಲೆಕ್ಕ ಪೂರ್ತಿ ತಪ್ಪು ಎನ್ನಲಾರೆ. 1935ರ ಕಾಯ್ದೆ ಬಂದಾಗ ಅವರು ಹೇಳಿದ ದಾರಿಯಲ್ಲೇ ಸುಮಾರು 60 ಲಕ್ಷ ಹೆಂಗಸರು ಪಟ್ಟಿಗೆ ಸೇರಿದರು. ಹಸಿದವಳಿಗೆ ಅರ್ಧ ರೊಟ್ಟಿಯೂ ರೊಟ್ಟಿಯೇ. ಆದರೂ ನಾನು ಬೇಡ ಎಂದವರ ಕಡೆ. ಮದುವೆಯ ಮೂಲಕ ಹಕ್ಕು ಬಂದರೆ ಮದುವೆಯಾಗದವಳು ಯಾರು? ಗಂಡ ಬಿಟ್ಟವಳು ಯಾರು? ಕೂಲಿಕಾರನ ಹೆಂಡತಿ ಯಾರು?

ಆ ಬೇಡಿಕೆ ಈಡೇರಿದ್ದು 1950ರ ಸಂವಿಧಾನದಲ್ಲಿ. ಆಗಲೂ ಏನಾಯಿತು ಗೊತ್ತೇ? 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡಲು ಹೋದವರಿಗೆ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದರು. ಹೆಸರಿಲ್ಲದೆ ಓಟಿಲ್ಲ ಎಂದು ಚುನಾವಣಾ ಆಯೋಗ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಿತು. ಹಕ್ಕು ಬಾಗಿಲಿಗೆ ಬಂದು ನಿಂತಿತ್ತು. ಕರೆಯಲು ಒಳಗಿನವಳಿಗೆ ಹೆಸರೇ ಇರಲಿಲ್ಲ.

ನಾವು ಹಾಗಲ್ಲ ಎನ್ನುತ್ತೀರಿ. ಸಂಘದಲ್ಲಿ ಸಹಿ ಕಲಿತಿದ್ದೇವೆ, ಪಾಸ್‌ಬುಕ್ಕಿನಲ್ಲಿ ನಮ್ಮದೇ ಹೆಸರಿದೆ. ಹೌದು, ಇದೆ. ಆ ಸಹಿಯನ್ನು ನಾವು ಎಲ್ಲೆಲ್ಲಿ ಹಾಕುತ್ತೇವೆ? ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ಇಡೀ ದೇಶದಲ್ಲಿ 2005ರಿಂದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು. ಆದರೆ ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂದು ಅಣ್ಣ ಹೇಳುತ್ತಾನೆ, ನಾವು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದು ಬರುತ್ತೇವೆ. 28 ಲಕ್ಷ ಜನ ಹೆಸರು ಹೇಳದೆ ಹಕ್ಕು ಕಳೆದುಕೊಂಡರು. ನಾವು ಹೆಸರು ಬರೆದು ಕಳೆದುಕೊಳ್ಳುತ್ತಿದ್ದೇವೆ.

ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಕೇಳುವುದು, ತೆಗೆದುಕೊಳ್ಳುವುದು, ಕೊಡುವುದು ಎಲ್ಲವೂ ಅಪರಾಧ. ಯಾರಾದರೂ ಪಡೆದಿದ್ದರೆ ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿಗೇ ಒಪ್ಪಿಸಬೇಕು ಎಂದೂ ಅದರ ಆರನೆಯ ಕಲಮಿನಲ್ಲಿದೆ. ಒಪ್ಪಿಸಿದ ಒಬ್ಬ ಅಳಿಯನನ್ನು ನಾನು ಇನ್ನೂ ನೋಡಿಲ್ಲ.

ಹಸುವಿನ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಆ ತಾಯಿ ಮೊನ್ನೆ ಮನೆಗೆ ಬಂದು ಅತ್ತಳು. "ನಿನಗೆ ಮಗಳಿದ್ದಿದ್ದರೆ ಗೊತ್ತಾಗ್ತಿತ್ತು" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ, ಕಾಫಿ ಕೊಟ್ಟು ಕಳಿಸಿದೆ. ಬರುವ ಶುಕ್ರವಾರ ಸಭೆಯಲ್ಲಿ ಎರಡು ಮಾತು ಇಡುತ್ತೇನೆ. ಸಾಲದ ನಿಜವಾದ ಕಾರಣವನ್ನೇ ನಡಾವಳಿಯಲ್ಲಿ ಬರೆಯಬೇಕು. ಅದೇ ನಲವತ್ತು ಸಾವಿರವನ್ನು ಹುಡುಗಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡುವುದಾದರೆ ಮೊದಲ ಸಹಿ ನನ್ನದು. ಹುಡುಗಿಯನ್ನೂ ಸಭೆಗೆ ಕರೆತರಲು ಹೇಳಿದ್ದೇನೆ. ಇದುವರೆಗೆ ಅವಳನ್ನು ಯಾರೂ ಏನನ್ನೂ ಕೇಳಿಲ್ಲ.